ಹಿಗ್ಗುವ ಅಕ್ಷರ, ಹಿಗ್ಗದ ಗೆರೆ

ಅಕ್ಷರವನ್ನು ದೊಡ್ಡದಾಗಿ ಬರೆಯುವುದು, ಅಕ್ಷರವನ್ನು ದೊಡ್ಡದು ಮಾಡುವುದು ಇವೆರಡೂ ಒಂದೇ ಎಂದು ಮೇಲುನೋಟಕ್ಕೆ ತೋರುತ್ತದೆ. ಕರಿಹಲಗೆಯ ಮೇಲೆ ಗೇಣುದ್ದದ ‘ಕ’ ಬರೆದ ಉಪಾಧ್ಯಾಯರು ಅದೇ ಸೀಮೆಸುಣ್ಣದ ತುಂಡಿನಿಂದ ಅದರ ಪಕ್ಕದಲ್ಲಿ ಬೆರಳುದ್ದದ ಇನ್ನೊಂದು ‘ಕ’ವನ್ನೂ ಬರೆಯುತ್ತಾರೆ. ಅಕ್ಷರಗಳ ಅಳತೆ ಬೇರೆಯಾಯಿತು, ಗೆರೆಯ ದಪ್ಪ ಬೇರೆಯಾಗಲಿಲ್ಲ. ಆದರೆ ಆ ಬೆರಳುದ್ದದ ‘ಕ’ದ ಛಾಯಾಚಿತ್ರ ತೆಗೆದು ಅದನ್ನು ಗೇಣುದ್ದಕ್ಕೆ ಹಿಗ್ಗಿಸಿದರೆ ಅಕ್ಷರದೊಡನೆ ಗೆರೆಯೂ ಹಿಗ್ಗುತ್ತದೆ, ಸೀಮೆಸುಣ್ಣ ಜಾರಿದಲ್ಲಿ ಉಳಿದ ಬಿಳಿ ಪುಡಿಯ ಕಣವೂ ಹಿಗ್ಗುತ್ತದೆ. ಮೊದಲನೆಯದರಲ್ಲಿ ಬೆಳೆದದ್ದು ಆಕೃತಿ ಮಾತ್ರ. ಎರಡನೆಯದರಲ್ಲಿ ಆಕೃತಿ, ಲೇಖನಿ, ಬರೆದ ಕೈ ಎಲ್ಲವೂ ಒಟ್ಟಾಗಿ ಬೆಳೆದವು. ಕೈಬರಹದ ಕಾಲದಲ್ಲಿ ಈ ವ್ಯತ್ಯಾಸವನ್ನು ಯಾರೂ ಹೆಸರಿಟ್ಟು ಗುರುತಿಸಬೇಕಾಗಿರಲಿಲ್ಲ. ಅಕ್ಷರವು ಗಣಕಯಂತ್ರದ ಪರದೆಗೆ ಬಂದ ಮೇಲೆ ಅದು ದಿನನಿತ್ಯದ ತೊಡಕಾಯಿತು. ಕನ್ನಡದಂತಹ ಲಿಪಿಗೆ ಇನ್ನೂ ಸ್ವಲ್ಪ ಹೆಚ್ಚಿನ ತೊಡಕೇ ಆಯಿತು.

ಭೂಪಟ ಬರೆಯುವವರು ಈ ಭೇದವನ್ನು ಬಹುಕಾಲದಿಂದ ಬಲ್ಲರು. ಭಾರತೀಯ ಸರ್ವೇಕ್ಷಣ ಇಲಾಖೆಯ 1:50,000 ಪ್ರಮಾಣದ ನಕಾಶೆಯಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಗೆರೆಯಿಂದ ರಸ್ತೆಯೊಂದನ್ನು ತೋರಿಸಿದರೆ, ಲೆಕ್ಕದ ಪ್ರಕಾರ ಆ ರಸ್ತೆ 25 ಮೀಟರ್ ಅಗಲವಿರಬೇಕು. 1:10,00,000 ಪ್ರಮಾಣದ ಪಟದಲ್ಲಿ ಒಂದು ಮಿಲಿಮೀಟರಿನ ಗೆರೆ ಒಂದು ಕಿಲೋಮೀಟರ್ ಅಗಲದ ನದಿಯಾಗುತ್ತದೆ. ಯಾರೂ ಹಾಗೆ ಓದುವುದಿಲ್ಲ. ನದಿ ಎಲ್ಲಿ ತಿರುಗುತ್ತದೆ ಎಂಬುದು ನೆಲಕ್ಕೆ ಸಂಬಂಧಿಸಿದ್ದು, ಗೆರೆ ಎಷ್ಟು ದಪ್ಪ ಎಂಬುದು ಓದುವ ಕಣ್ಣಿಗೆ ಸಂಬಂಧಿಸಿದ್ದು ಎಂಬ ಒಪ್ಪಂದ ಆ ಪಟದಲ್ಲಿ ಮೌನವಾಗಿ ಅಡಗಿದೆ. ಮನೆಯಂಗಳದ ರಂಗೋಲಿಯಲ್ಲಿಯೂ ಇದೇ ಒಪ್ಪಂದವಿದೆ. ಚುಕ್ಕಿಗಳ ನಡುವಿನ ಅಂತರ ಹೆಚ್ಚಿದರೂ ಬೆರಳಿನ ಚಿಟಿಕೆ ಹೆಚ್ಚುವುದಿಲ್ಲ. ಹಬ್ಬದ ದಿನ ರಂಗೋಲಿ ತೀರ ದೊಡ್ಡದಾಗಿ ಗೆರೆ ಬಡವಾಗಿ ಕಂಡಾಗ ಹೆಂಗಸರು ಎರಡೆಳೆ ಎಳೆಯುತ್ತಾರೆ. ಆಗ ಗೆರೆಯನ್ನು ಬೇರೆ ತೀರ್ಮಾನವಾಗಿ, ಕಣ್ಣಳತೆಯಿಂದ ಬೆಳೆಸಿದಂತಾಯಿತು.

ಮುಂಬಯಿಯ ಉಪನಗರವೊಂದರಲ್ಲಿ ನೆಲೆಸಿರುವ ನಿವೃತ್ತ ಉಪಾಧ್ಯಾಯರೊಬ್ಬರು ಈ ವಿಷಯಕ್ಕೆ ಬಂದದ್ದು ನಕಾಶೆಯ ಮೂಲಕವೂ ಅಲ್ಲ, ರಂಗೋಲಿಯ ಮೂಲಕವೂ ಅಲ್ಲ. ಉಡುಪಿಯ ಕಡೆಯಿಂದ ಎಳೆ ಹರೆಯದಲ್ಲಿ ಈ ನಗರಕ್ಕೆ ಬಂದು, ಹಗಲಲ್ಲಿ ಹೋಟೆಲುಗಳಲ್ಲಿ ದುಡಿಯುವ ಹುಡುಗರಿಗೆ ರಾತ್ರಿ ಶಾಲೆಯಲ್ಲಿ ಕನ್ನಡ ಕಲಿಸುತ್ತ ಮೂರು ದಶಕಗಳನ್ನು ಕಳೆದವರು ಅವರು. ಮುಂಬಯಿ ಕನ್ನಡಿಗರ ಬದುಕಿನಲ್ಲಿ ರಾತ್ರಿ ಶಾಲೆಗಳಿಗಿದ್ದ ಸ್ಥಾನವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಈಗ ಅವರ ಬಳಿ ಶಾಲೆಯಿಲ್ಲ, ಕರಿಹಲಗೆಯಿಲ್ಲ. ಶನಿವಾರ ಸಂಜೆ ವಸತಿ ಸಂಕೀರ್ಣದ ಸಭಾಕೊಠಡಿಯಲ್ಲಿ ಸೇರುವ ಹತ್ತು ಹನ್ನೆರಡು ಮಕ್ಕಳಿದ್ದಾರೆ. ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡುವ, ಶಾಲೆಯಲ್ಲಿ ಇಂಗ್ಲಿಷ್ ಓದುವ, ಬೀದಿಯಲ್ಲಿ ಮರಾಠಿ ಹಿಂದಿ ಬಳಸುವ ಮಕ್ಕಳು. ಅವರಿಗೆ ಕನ್ನಡ ಅಕ್ಷರ ಸಿಗುವುದು ಬಹುಮಟ್ಟಿಗೆ ಅಂಗೈಯಗಲದ ಫೋನಿನ ಪರದೆಯ ಮೇಲೆ. ಅಂಗಡಿಯ ಹಲಗೆ, ಬಸ್ಸಿನ ನೆತ್ತಿ, ಗೋಡೆಬರಹ ಇವು ಕರ್ನಾಟಕದ ಮಗುವಿಗೆ ಪುಕ್ಕಟೆಯಾಗಿ ಕಲಿಸುವ ಪಾಠವನ್ನು ಇವರಿಗೆ ಕಲಿಸುವವರಿಲ್ಲ. ಪರದೆಯ ಮೇಲಿನ ಅಕ್ಷರದ ಗೆರೆ ಕೆಟ್ಟರೆ ಅದನ್ನು ತಿದ್ದುವ ಬೇರೊಂದು ಮಾದರಿ ಈ ಮಕ್ಕಳ ಕಣ್ಣೆದುರು ಇರುವುದಿಲ್ಲ.

ಉಪಾಧ್ಯಾಯರ ಮೊಮ್ಮಗಳು ಗಣಕಯಂತ್ರದ ಕೆಲಸದಲ್ಲಿರುವವಳು. ಮಕ್ಕಳು ಬೆರಳಿನಿಂದ ತಿದ್ದಲು ಅನುಕೂಲವಾಗುವಂತೆ ಜಾಲಪುಟವೊಂದನ್ನು ಮಾಡಿಕೊಡುತ್ತೇನೆಂದು ಅವಳು ಒಪ್ಪಿಕೊಂಡಳು. ಅಜ್ಜ ಹಾಳೆಯ ಮೇಲೆ ಅಕ್ಷರಗಳನ್ನು ಬರೆದುಕೊಟ್ಟರು. ಗೆರೆ ಎಲ್ಲಿ ಆರಂಭವಾಗುತ್ತದೆ, ಎಲ್ಲಿ ಬಳಸುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಬಾಣಗಳಿಂದ ಗುರುತಿಸಿದರು. ಅವಳು ಪ್ರತಿ ಅಕ್ಷರವನ್ನೂ ನೂರು ಮಾನಗಳ ಚೌಕದಲ್ಲಿ ಬಿಂದುಗಳಾಗಿ ನಮೂದಿಸಿ, ಆರು ಮಾನ ದಪ್ಪದ ಗೆರೆಯಿಂದ ಬರೆಯುವಂತೆ ವಿಧಿಸಿದಳು. ಫೋನಿನಲ್ಲಿ ಆ ಚೌಕವನ್ನು ಮೂರು ಪಟ್ಟು ಹಿಗ್ಗಿಸಿದಾಗ ಗೆರೆ 18 ಪಿಕ್ಸೆಲ್ ಆಯಿತು. ಸಭಾಕೊಠಡಿಯ ಗೋಡೆಯ ಪರದೆಗೆ ಒಂಬತ್ತು ಪಟ್ಟು ಹಿಗ್ಗಿಸಿದಾಗ 54 ಆಯಿತು. ಅಜ್ಜ ಆ ಗೋಡೆಯ ಅಕ್ಷರವನ್ನು ನೋಡಿ, ಇದು ಬರೆದದ್ದಲ್ಲ, ಹಿಟ್ಟು ಹಿಸುಕಿ ಮಾಡಿದ್ದು ಎಂದರು.

“ಗೆರೆಯನ್ನು ನಾನು ದಪ್ಪ ಮಾಡಲಿಲ್ಲ ಅಜ್ಜ. ಅಕ್ಷರ ದೊಡ್ಡದು ಮಾಡಿದೆ, ಅದರೊಟ್ಟಿಗೆ ಅದೂ ಆಯಿತು” ಎಂದಳು ಮೊಮ್ಮಗಳು.

“ಹಾಗಾದರೆ ಪೆನ್ನು ಯಾರ ಕೈಯಲ್ಲುಂಟು ಮಗಾ?” ಎಂದು ಅಜ್ಜ ಕೇಳಿದರು.

ಈ ಪ್ರಶ್ನೆಗೆ ಉತ್ತರ ಹೇಳುವ ಮೊದಲು ಜಾಲಪುಟದ ಚಿತ್ರಫಲಕ ಹೇಗೆ ಕೆಲಸ ಮಾಡುತ್ತದೆಂಬುದನ್ನು ಸ್ವಲ್ಪ ತಿಳಿಯಬೇಕು. ಕ್ಯಾನ್‌ವಾಸ್ ಎಂಬ ಈ ಫಲಕವನ್ನು ಆಪಲ್ ಸಂಸ್ಥೆ 2004ರಲ್ಲಿ ಮೊದಲು ಬಳಕೆಗೆ ತಂದಿತು. ಮುಂದೆ ಅದು ಎಚ್‌ಟಿಎಂಎಲ್ ಐದನೆಯ ಆವೃತ್ತಿಯ ಭಾಗವಾಗಿ ಎಲ್ಲ ಬ್ರೌಸರುಗಳಲ್ಲಿಯೂ ನೆಲೆಗೊಂಡಿತು. ಇದರಲ್ಲಿ ಗೆರೆ ಎಳೆಯುವುದು ಎರಡು ಹಂತದ ಕ್ರಿಯೆ. ಮೊದಲು ಪಾತ್, ಎಂದರೆ ಹಾದಿ: ಲೇಖನಿ ಎಲ್ಲೆಲ್ಲಿ ಸಾಗಬೇಕೆಂಬ ಬಿಂದುಗಳ ಸಾಲು. ಆ ಹಾದಿಗೆ ದಪ್ಪವಿಲ್ಲ, ಬಣ್ಣವಿಲ್ಲ, ಅದು ಕಣ್ಣಿಗೆ ಕಾಣುವುದೂ ಇಲ್ಲ. ಅನಂತರ ಸ್ಟ್ರೋಕ್ ಎಂಬ ಆಜ್ಞೆ: ಆಗ ಲೇಖನಿ ಆ ಹಾದಿಯ ಮೇಲೆ ನಡೆದು ಶಾಯಿ ಬಿಡುತ್ತದೆ. ಲೇಖನಿಯ ದಪ್ಪಕ್ಕೆ ಲೈನ್‌ವಿಡ್ತ್ ಎಂಬ ಸಂಖ್ಯೆಯುಂಟು. ಏನನ್ನೂ ಹೇಳದಿದ್ದರೆ ಅದು ಒಂದು. ಸೊನ್ನೆಯನ್ನೋ ಋಣಸಂಖ್ಯೆಯನ್ನೋ ಕೊಟ್ಟರೆ ಫಲಕವು ಅದನ್ನು ಕೇಳಿಸಿಕೊಳ್ಳದಂತೆ ಹಳೆಯ ದಪ್ಪದಲ್ಲಿಯೇ ಮುಂದುವರಿಯುತ್ತದೆ. ಇವೆರಡರ ಜೊತೆಗೆ ಸ್ಕೇಲ್ ಎಂಬ ಮೂರನೆಯ ಆಜ್ಞೆಯಿದೆ. ಅದು ಅಕ್ಷರವನ್ನು ಹಿಗ್ಗಿಸುವುದಿಲ್ಲ, ಅಳತೆಗೋಲನ್ನೇ ಹಿಗ್ಗಿಸುತ್ತದೆ. ಮೂರು ಪಟ್ಟು ಎಂದ ಮೇಲೆ ಒಂದು ಮಾನವೆಂದರೆ ಮೂರು ಪಿಕ್ಸೆಲ್. ಹಾದಿಯ ಬಿಂದುಗಳೂ ಆ ಕೋಲಿನಿಂದಲೇ ಅಳೆಯಲ್ಪಡುತ್ತವೆ, ಲೇಖನಿಯ ದಪ್ಪವೂ ಆ ಕೋಲಿನಿಂದಲೇ ಅಳೆಯಲ್ಪಡುತ್ತದೆ. ಗೋಡೆಯ ಮೇಲಿನ ‘ಕ’ ಊದಿಕೊಂಡದ್ದು ಹೀಗೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಹಾದಿಯ ಬಿಂದುವನ್ನು ಫಲಕ ಅಳೆಯುವುದು ಆ ಬಿಂದುವನ್ನು ಸೇರಿಸಿದ ಗಳಿಗೆಯಲ್ಲಿ; ಲೇಖನಿಯ ದಪ್ಪವನ್ನು ಅಳೆಯುವುದು ಸ್ಟ್ರೋಕ್ ಎಂದ ಗಳಿಗೆಯಲ್ಲಿ. ಎರಡು ಗಳಿಗೆಗಳ ನಡುವೆ ಅಳತೆಗೋಲನ್ನು ಬದಲಿಸಬಹುದು. ಸೇವ್ ಎಂದು ಹೇಳಿ ಫಲಕದ ಸದ್ಯದ ಸ್ಥಿತಿಯನ್ನು ಕಾದಿರಿಸುವುದು, ಹಿಗ್ಗಿಸುವುದು, ಹಾದಿಯನ್ನು ಹಾಕುವುದು, ರಿಸ್ಟೋರ್ ಎಂದು ಹೇಳಿ ಹಳೆಯ ಅಳತೆಗೋಲಿಗೆ ಮರಳುವುದು, ಆಮೇಲೆ ಶಾಯಿ ಬಿಡುವುದು. ರಿಸ್ಟೋರ್ ಎಂದಾಗ ಬಣ್ಣ, ದಪ್ಪ, ಅಳತೆ ಎಲ್ಲವೂ ಹಿಂದಿನ ಸ್ಥಿತಿಗೆ ಹೋಗುತ್ತವೆ; ಹಾಕಿದ ಹಾದಿ ಮಾತ್ರ ಅಳಿಯುವುದಿಲ್ಲ, ಏಕೆಂದರೆ ಕಾದಿರಿಸುವ ಸ್ಥಿತಿಯಲ್ಲಿ ಹಾದಿ ಸೇರಿಲ್ಲ. ಹಿಗ್ಗಿದ ಹಾದಿಯ ಮೇಲೆ ಹಿಗ್ಗದ ಲೇಖನಿ ನಡೆಯುತ್ತದೆ. ಉಪಾಧ್ಯಾಯರ ಸೀಮೆಸುಣ್ಣ ಮಾಡುತ್ತಿದ್ದದ್ದೂ ಇದನ್ನೇ.

ಮೊಮ್ಮಗಳು ಮೊದಲು ಹಿಡಿದದ್ದು ಇನ್ನೊಂದು ದಾರಿ, ಬಹಳ ಜನ ಹಿಡಿಯುವ ದಾರಿ: ಮೂರು ಪಟ್ಟು ಹಿಗ್ಗಿಸಿದರೆ ದಪ್ಪವನ್ನು ಮೂರರಿಂದ ಭಾಗಿಸುವುದು. ಎಲ್ಲ ದಿಕ್ಕಿಗೂ ಸಮನಾಗಿ ಹಿಗ್ಗಿಸಿದಾಗ ಇದರಿಂದ ಏನೂ ತೊಂದರೆಯಿಲ್ಲ. ಆದರೆ ಗೋಡೆಯ ಪರದೆ ಅಡ್ಡಡ್ಡ ಅಗಲವಾದದ್ದು. ಅದನ್ನು ತುಂಬಿಸಲು ಅವಳು ಅಡ್ಡಕ್ಕೆ ನಾಲ್ಕು ಪಟ್ಟು, ಉದ್ದಕ್ಕೆ ಎರಡು ಪಟ್ಟು ಹಿಗ್ಗಿಸಿದ್ದಳು. ಆಗ ಅಕ್ಷರದ ನಿಂತ ಗೆರೆಗಳು ಮಲಗಿದ ಗೆರೆಗಳ ಎರಡರಷ್ಟು ದಪ್ಪವಾದವು. ಯಾವ ಒಂದು ಸಂಖ್ಯೆಯಿಂದ ಭಾಗಿಸಿದರೂ ಈ ಭೇದ ಹೋಗುವುದಿಲ್ಲ, ಏಕೆಂದರೆ ಲೇಖನಿಯ ದುಂಡು ಮೊನೆಯೇ ಆಗ ಅಂಡಾಕಾರವಾಗಿರುತ್ತದೆ. ಕಂಬ ದಪ್ಪ, ಅಡ್ಡಗೆರೆ ಸಪೂರ ಎಂಬ ಈ ರೂಪ ರೋಮನ್ ಲಿಪಿಯ ಹಳೆಯ ಮುದ್ರಣವನ್ನು ನೆನಪಿಸುತ್ತದೆ, ಅಲ್ಲಿ ಅದಕ್ಕೊಂದು ಚರಿತ್ರೆಯೂ ಚೆಲುವೂ ಇದೆ. ಬಳುಕುವ ಕನ್ನಡದ ಗೆರೆಗೆ ಅದನ್ನು ಆಕಸ್ಮಿಕವಾಗಿ ತೊಡಿಸಿದರೆ ತಲೆಕಟ್ಟು ಸೊರಗಿ ಹೊಟ್ಟೆ ಉಬ್ಬಿದ ವಿಚಿತ್ರ ಜೀವಿಯಾಗುತ್ತದೆ. ಅಂತೂ ಎರಡನೆಯ ದಾರಿಯೇ ಸರಿಯೆಂದು ತೋರಿತು: ಹಾದಿ ಹಾಕಿ, ಅಳತೆಗೋಲನ್ನು ಮರಳಿಸಿ, ಬಳಿಕ ಬರೆಯುವುದು.

ಈ ಪ್ರಶ್ನೆ ಕ್ಯಾನ್‌ವಾಸ್ ಹುಟ್ಟುವ ಮೊದಲೇ ಇತ್ತು. 1984ರಲ್ಲಿ ಅಡೋಬಿ ಸಂಸ್ಥೆ ಹೊರತಂದ ಪೋಸ್ಟ್‌ಸ್ಕ್ರಿಪ್ಟ್ ಎಂಬ ಪುಟವರ್ಣನೆಯ ಭಾಷೆಯಲ್ಲಿಯೂ ಹಾದಿ ಬೇರೆ, ಶಾಯಿ ಬೇರೆ. ಅಲ್ಲಿ ದಪ್ಪ ಸೊನ್ನೆ ಎಂದರೆ ಆ ಯಂತ್ರ ಬಿಡಿಸಬಲ್ಲ ಅತಿ ತೆಳುವಾದ ಗೆರೆ ಎಂದರ್ಥ. ಪರದೆಯ ಮೇಲೆ ಚೆನ್ನಾಗಿ ಕಂಡ ಗೆರೆ ಸೂಕ್ಷ್ಮವಾದ ಮುದ್ರಣಯಂತ್ರದಲ್ಲಿ ಹೆಚ್ಚುಕಡಿಮೆ ಮಾಯವಾಗುತ್ತಿತ್ತು. ಅದನ್ನು ಬಳಸಬೇಡಿ ಎಂದು ಕೈಪಿಡಿಯೇ ಎಚ್ಚರಿಸಬೇಕಾಯಿತು. ಜಾಲದ ಮತ್ತೊಂದು ಚಿತ್ರಭಾಷೆಯಾದ ಎಸ್‌ವಿಜಿಯ 2008ರ ಕಿರು ಆವೃತ್ತಿಯಲ್ಲಿ, ಆಕೃತಿ ಎಷ್ಟು ಹಿಗ್ಗಿದರೂ ಗೆರೆ ಹಿಗ್ಗಬಾರದು ಎಂದು ವಿಧಿಸುವ ಗುಣವೊಂದನ್ನು ಸೇರಿಸಲಾಯಿತು.

ಅಜ್ಜ ಈ ತಾಂತ್ರಿಕ ವಿವರಗಳನ್ನೆಲ್ಲ ಕೇಳಿ, ಇದು ಓಲೆಗರಿಯ ಕ್ರಮ ಎಂದರು. ಅವರ ಮಾತನ್ನು ಸ್ವಲ್ಪ ಬಿಡಿಸಿ ನೋಡುವುದು ಯುಕ್ತ. ಓಲೆಗರಿಯ ಮೇಲೆ ಬರೆಯುವವನು ಕಬ್ಬಿಣದ ಕಂಟದಿಂದ ಅಕ್ಷರವನ್ನು ಕೊರೆಯುತ್ತಿದ್ದ. ಆಗ ಅದು ಬರಿಯ ಗೀರು, ಓದಲು ಬಾರದು. ಅನಂತರ ಕಾಡಿಗೆಯ ಮಸಿ ಬಳಿದು ಒರೆಸಿದಾಗ ಗೀರಿನಲ್ಲಿ ಕಪ್ಪು ನಿಂತು ಅಕ್ಷರ ಮೂಡುತ್ತಿತ್ತು. ಹಾದಿ ಹಾಕುವುದು ಒಂದು ಕ್ರಿಯೆ, ಶಾಯಿ ತುಂಬುವುದು ಇನ್ನೊಂದು ಕ್ರಿಯೆ. ಗೆರೆಯ ದಪ್ಪವನ್ನು ನಿರ್ಣಯಿಸುತ್ತಿದ್ದುದು ಕಂಟದ ಮೊನೆ. ಅಕ್ಷರ ದೊಡ್ಡದಿರಲಿ ಸಣ್ಣದಿರಲಿ ಮೊನೆ ಅದೇ. ನೀಳವಾದ ಅಡ್ಡಗೆರೆಯಿಂದ ಗರಿ ಸೀಳುತ್ತದೆ, ಆದುದರಿಂದಲೇ ದಕ್ಷಿಣದ ಲಿಪಿಗಳು ದುಂಡಗಾದವು ಎಂಬ ವಿವರಣೆ ಪ್ರಚಲಿತವಾಗಿದೆ. ಅದು ಎಷ್ಟರ ಮಟ್ಟಿಗೆ ಪೂರ್ಣ ವಿವರಣೆ ಎಂಬುದು ಲಿಪಿಶಾಸ್ತ್ರಜ್ಞರ ಚರ್ಚೆಗೆ ಬಿಟ್ಟದ್ದು. ಆದರೆ ಇನ್ನೊಂದು ಪರಿಣಾಮವನ್ನು ಅಷ್ಟಾಗಿ ಯಾರೂ ಎತ್ತಿ ಹೇಳುವುದಿಲ್ಲ. ಮೇಲಿನ ಅಕ್ಷರವನ್ನೂ ಅದರ ಕೆಳಗಿನ ಒತ್ತಕ್ಷರವನ್ನೂ ಒಂದೇ ಮೊನೆ ಬರೆಯುತ್ತಿತ್ತು. ಒತ್ತು ಆಕಾರದಲ್ಲಿ ಕಿರಿದು, ಗೆರೆಯಲ್ಲಿ ಸಮ.

ಕನ್ನಡದ ಸಮಸ್ಯೆಯ ತಿರುಳು ಇರುವುದು ಇಲ್ಲಿ. ರೋಮನ್ ಲಿಪಿಯ ಪದವೊಂದರಲ್ಲಿ ಎಲ್ಲ ಅಕ್ಷರಗಳೂ ಒಂದೇ ಅಳತೆಯ ಪಂಕ್ತಿಯಲ್ಲಿ ಕುಳಿತಿರುತ್ತವೆ. ಪುಟದ ಅಕ್ಷರಗಾತ್ರ ಬದಲಾದಾಗ ಮಾತ್ರ ಗೆರೆಯ ಪ್ರಶ್ನೆ ಏಳುತ್ತದೆ. ಕನ್ನಡದಲ್ಲಿ ಒಂದೇ ಪದದೊಳಗೆ ದೊಡ್ಡ ಅಕ್ಷರ, ಅದರ ಕಿರಿದಾದ ಪ್ರತಿರೂಪ ಎರಡೂ ಇರುತ್ತವೆ. ತ, ನ, ಮ, ಯ, ರ, ಲ ಇವುಗಳ ಒತ್ತುಗಳಿಗೆ ಸ್ವಂತ ರೂಪವಿದೆ. ಆದರೆ ಗ್ಗ, ಚ್ಚ, ಜ್ಜ, ಡ್ಡ, ದ್ದ, ಪ್ಪ, ಬ್ಬ, ಳ್ಳ ಮುಂತಾದವುಗಳಲ್ಲಿ ಒತ್ತು ಎಂದರೆ ಬಹುಮಟ್ಟಿಗೆ ತಲೆಕಟ್ಟು ಕಳಚಿದ ಅದೇ ಅಕ್ಷರದ ಚಿಕ್ಕ ಪ್ರತಿ. ಹೀಗಿರುವಾಗ ಗಣಕಯಂತ್ರಕ್ಕೆ ಅತ್ಯಂತ ಸುಲಭವಾದ ಉಪಾಯ ಒಂದೇ: ಮೂಲಾಕ್ಷರವನ್ನು ಅರ್ಧಕ್ಕೆ ಕುಗ್ಗಿಸಿ ಕೆಳಗೆ ಅಂಟಿಸುವುದು. ಮೊಮ್ಮಗಳು ಮಾಡಿದ್ದೂ ಅದನ್ನೇ, ಯಾರಾದರೂ ಮೊದಲು ಮಾಡುವುದು ಅದನ್ನೇ. ಆರು ಮಾನದ ಗೆರೆ ಒತ್ತಿನಲ್ಲಿ ಮೂರು ಮಾನವಾಯಿತು. ಗೋಡೆಯ ಪರದೆಯಲ್ಲಿ ಒತ್ತು ಬೇರೆ ಲೇಖನಿಯಿಂದ, ಬೇರೆ ಕೈ ಬರೆದಂತೆ ಕಂಡಿತು. ಫೋನಿನ ಪುಟದಲ್ಲಿ ಪದಗಳನ್ನು ಸಾಲಾಗಿ ಚಿಕ್ಕದಾಗಿ ತೋರಿಸಿದಾಗ ಒತ್ತಿನ ಗೆರೆ ಒಂದು ಪಿಕ್ಸೆಲಿಗಿಂತ ತೆಳುವಾಗಿ ಬೂದುಬಣ್ಣಕ್ಕೆ ತಿರುಗಿತು. ಪಿಕ್ಸೆಲನ್ನು ಅರ್ಧ ತುಂಬಲು ಪರದೆಗೆ ಬಾರದು. ಅರ್ಧ ಕಪ್ಪಾಗಿಸಲು ಮಾತ್ರ ಬರುತ್ತದೆ. ಒಂದು ಪಿಕ್ಸೆಲ್ ದಪ್ಪದ ಗೆರೆಯನ್ನು ಪೂರ್ಣಾಂಕದ ಸ್ಥಾನದಲ್ಲಿ ಎಳೆದರೂ ಅದು ಎರಡು ಸಾಲುಗಳ ಗಡಿಯ ಮೇಲೆ ಕುಳಿತು, ಎರಡು ಬೂದು ಸಾಲುಗಳಾಗಿ ಹರಡುವುದುಂಟು. ಅರ್ಧ ಪಿಕ್ಸೆಲ್ ಆಚೆ ಸರಿಸಿದರೆ ಕಪ್ಪಾಗಿ ಚೂಪಾಗುತ್ತದೆ.

ಮಸುಕಾದ ಒತ್ತಿನಿಂದ ಹಾನಿ ಏನು? ‘ಯುದ್ಧ’ ಎಂಬ ಪದವನ್ನು ನೋಡಬಹುದು. ‘ದ’ಕ್ಕೂ ‘ಧ’ಕ್ಕೂ ಇರುವ ಭೇದ ಕೆಳಗಿನ ಒಂದು ಚಿಕ್ಕ ಗೀಟು, ಶಾಲೆಯಲ್ಲಿ ಅದನ್ನು ಹೊಟ್ಟೆ ಸೀಳುವುದು ಎನ್ನುತ್ತಾರೆ. ಮೂಲಾಕ್ಷರದಲ್ಲಿಯೇ ಚಿಕ್ಕದಾದ ಆ ಗೀಟು ಒತ್ತಿನಲ್ಲಿ ಇನ್ನೂ ಅರ್ಧವಾಗುತ್ತದೆ. ಪರದೆಯ ಮೇಲೆ ಅದು ಉಳಿಯುವುದು ಗೆರೆಯ ದಪ್ಪದ ದಯೆಯಿಂದ. ‘ಬುದ್ದ’, ‘ಯುದ್ದ’, ‘ಸಿದ್ದಾಂತ’ ಎಂದು ಬರೆಯುವ ವಿದ್ಯಾರ್ಥಿಗಳನ್ನು ಕನ್ನಡ ವಿಭಾಗಗಳಲ್ಲಿ ಗದರಿಸುವುದು ಹಳೆಯ ರೂಢಿ. ಮಹಾಪ್ರಾಣ ಆಡುನುಡಿಯಲ್ಲಿ ಸಡಿಲವಾದುದೇ ಈ ತಪ್ಪಿಗೆ ಮುಖ್ಯ ಕಾರಣವೆಂಬುದು ನಿಜ. ಪರದೆಗಳು ಹುಟ್ಟುವುದಕ್ಕೆ ಮುಂಚೆಯೂ ಈ ತಪ್ಪು ಇತ್ತು. ಆದರೂ ಕಿವಿಗೆ ಕೇಳಿಸದ ಭೇದವನ್ನು ಕಾಪಾಡಬೇಕಾದದ್ದು ಕಣ್ಣು. ಸೀಳು ಇದೆಯೋ ಇಲ್ಲವೋ ತಿಳಿಯದ ಅಕ್ಷರವನ್ನು ನೂರು ಬಾರಿ ನೋಡಿದ ಮಗುವಿನ ಕಣ್ಣು ಯಾವುದನ್ನು ಕಾಪಾಡಲು ಸಾಧ್ಯ? ಹೊರನಾಡಿನ ಮಗುವಿನ ವಿಷಯದಲ್ಲಿ ಈ ಪ್ರಶ್ನೆ ಇನ್ನಷ್ಟು ಗಂಭೀರ. ಅದರ ಓದೆಲ್ಲ ಅಷ್ಟೇ ಅಗಲದ ಪರದೆಯಲ್ಲಿ ನಡೆಯುವುದರಿಂದ.

ಅಚ್ಚುಮೊಳೆಯ ಕಾಲದವರು ಈ ಕಷ್ಟವನ್ನು ಬೇರೆ ರೀತಿಯಲ್ಲಿ ಎದುರಿಸಿದ್ದರು. ಸಿರಾಂಪುರದಲ್ಲಿ 1817ರಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾದಂದಿನಿಂದ ಕನ್ನಡದ ಮೊಳೆಗಳ ಕಥೆ ಮೊದಲಾಗುತ್ತದೆ. 1843ರಲ್ಲಿ ಮಂಗಳೂರಿನಲ್ಲಿ ಹೊರಟ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನದು. ಅಲ್ಲಿ ಕೈಬರಹವೇ ಮುದ್ರಣವಾದ್ದರಿಂದ ಒತ್ತು ಮತ್ತು ಅಕ್ಷರ ಒಂದೇ ಲೇಖನಿಯವು. ಮೊಳೆಗಳಲ್ಲಿ ಹಾಗಲ್ಲ. ಪ್ರತಿ ಗಾತ್ರಕ್ಕೂ ಬೇರೆ ಬೇರೆ ಮೊಳೆಗಳು, ಒತ್ತುಗಳಿಗೂ ಪ್ರತ್ಯೇಕ ಮೊಳೆಗಳು. ಉಕ್ಕಿನ ತುದಿಯಲ್ಲಿ ಅಚ್ಚು ಕೆತ್ತುವವನು ಚಿಕ್ಕ ಗಾತ್ರಕ್ಕೆ ಬಂದಾಗ ಗೆರೆಯನ್ನು ಲೆಕ್ಕಕ್ಕಿಂತ ತುಸು ದಪ್ಪವಾಗಿಯೂ ಒಳಗಿನ ಬಯಲನ್ನು ತುಸು ಅಗಲವಾಗಿಯೂ ಇಡುತ್ತಿದ್ದ. ಅವನಿಗೆ ಸೂತ್ರ ಇರಲಿಲ್ಲ. ಹೊಗೆಯಲ್ಲಿ ಹಿಡಿದು ಕಾಗದಕ್ಕೆ ಒತ್ತಿದ ಮಾದರಿಯನ್ನು ಕಣ್ಣಿನಿಂದ ನೋಡಿ ತಿದ್ದುತ್ತಿದ್ದ. ಅಮೆರಿಕದ ಲಿನ್ ಬಾಯ್ಡ್ ಬೆಂಟನ್ 1885ರಲ್ಲಿ ಅಚ್ಚು ಕೊರೆಯುವ ಯಂತ್ರಕ್ಕೆ ಪೇಟೆಂಟ್ ಪಡೆದ ಮೇಲೆ ಒಂದೇ ಮಾದರಿಯಿಂದ ಹಲವು ಗಾತ್ರಗಳನ್ನು ಕೊರೆಯುವುದು ಸಾಧ್ಯವಾಯಿತು. ಕಣ್ಣು ಮಾಡುತ್ತಿದ್ದ ತಿದ್ದುಪಡಿ ಕೈಬಿಟ್ಟುಹೋಗುವ ಅಪಾಯವೂ ಅಲ್ಲಿಂದಲೇ ಶುರುವಾಯಿತು. ಫೋಟೋ ಅಕ್ಷರಜೋಡಣೆ ಬಂದಾಗ ಮಸೂರವನ್ನು ಹಿಂದೆ ಮುಂದೆ ಸರಿಸಿದರೆ ಸಾಕು, ಒಂದೇ ನೆಗೆಟಿವಿನಿಂದ ಎಲ್ಲ ಗಾತ್ರಗಳೂ ಸಿದ್ಧ. ಭಾರತೀಯ ಲಿಪಿಗಳ ಫೋಟೋ ಅಕ್ಷರಜೋಡಣೆಯಲ್ಲಿ ದುಡಿದ ಕೆ. ಪಿ. ರಾವ್ ಅವರು ಮುಂಬಯಿಯಲ್ಲಿ ವರ್ಷಗಳನ್ನು ಕಳೆದ ಕನ್ನಡಿಗರು. ವಿಂಡೋಸ್ ಎಕ್ಸ್‌ಪಿಯೊಡನೆ 2001ರಲ್ಲಿ ಲಕ್ಷಾಂತರ ಗಣಕಯಂತ್ರಗಳಿಗೆ ತಲುಪಿದ ‘ತುಂಗಾ’ ಎಂಬ ಕನ್ನಡ ಅಕ್ಷರಶೈಲಿಯ ಹಿಂದೆ ಇದ್ದವರು ಮುಂಬಯಿಯ ಆರ್. ಕೆ. ಜೋಶಿ. ಹೊರನಾಡು ಕನ್ನಡದ ಚರಿತ್ರೆಯಲ್ಲಿ ನಾಟಕ, ಯಕ್ಷಗಾನ, ಪತ್ರಿಕೆಗಳಿಗೆ ಅಧ್ಯಾಯಗಳಿವೆ. ಈ ನಗರದಿಂದ ಹೊರಟ ಅಕ್ಷರಗಳಿಗೂ ಒಂದು ಅಧ್ಯಾಯ ಸಲ್ಲಬೇಕು.

ಫಾಂಟುಗಳ ವಿಷಯದಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಫಾಂಟಿನ ಅಕ್ಷರ ಸಾಮಾನ್ಯವಾಗಿ ಗೆರೆಯಲ್ಲ. ಗೆರೆಯಂತೆ ಕಾಣುವ ಪಟ್ಟಿಯ ಎರಡು ಅಂಚುಗಳನ್ನು ಬರೆದು ನಡುವೆ ಕಪ್ಪು ತುಂಬಿದ್ದು. ಅದನ್ನು ಹಿಗ್ಗಿಸಿದಾಗ ಅಂಚುಗಳು ದೂರ ಸರಿಯುತ್ತವೆ, ಲೈನ್‌ವಿಡ್ತ್ ಅಲ್ಲಿ ಕೆಲಸಕ್ಕೆ ಬಾರದು. ಆದಕಾರಣ ಫಾಂಟಿನಲ್ಲಿ ಒತ್ತಿನ ದಪ್ಪವನ್ನು ವಿನ್ಯಾಸಕಾರನೇ ಮುಂಚಿತವಾಗಿ ತಿದ್ದಿಟ್ಟಿರಬೇಕು. ಲೇಖನಿಯನ್ನೂ ಹಾದಿಯನ್ನೂ ಬೇರೆಯಾಗಿಯೇ ಇಟ್ಟು ಫಾಂಟು ಮಾಡಬಹುದೆಂದು ತೋರಿಸಿದವರು ಅಮೆರಿಕದ ಗಣಿತಜ್ಞ ಡೊನಾಲ್ಡ್ ಕ್ನೂತ್. 1970ರ ದಶಕದ ಕೊನೆಯಲ್ಲಿ ಅವರು ಆರಂಭಿಸಿದ ಮೆಟಾಫಾಂಟ್‌ನಲ್ಲಿ ಅಕ್ಷರವೆಂದರೆ ಲೇಖನಿಯ ನಡಿಗೆ. ಅದರಿಂದ ರೂಪಿಸಿದ ಅವರ ಅಕ್ಷರಮಾಲೆಯಲ್ಲಿ ಐದು ಪಾಯಿಂಟಿನ ಅಕ್ಷರ ಹತ್ತು ಪಾಯಿಂಟಿನದರ ಅರ್ಧವಲ್ಲ, ಬೇರೆ ಅಳತೆಗಳಿಂದ ಬರೆದದ್ದು. 2016ರಲ್ಲಿ ಬಂದ ಪರಿವರ್ತನಶೀಲ ಫಾಂಟುಗಳ ವ್ಯವಸ್ಥೆಯಲ್ಲಿ, ಓದುವ ಗಾತ್ರಕ್ಕೆ ತಕ್ಕಂತೆ ಗೆರೆ ತಾನೇ ಹೊಂದಿಕೊಳ್ಳುವ ಅವಕಾಶವೂ ಉಂಟು. ಅಚ್ಚು ಕೆತ್ತುವವನ ಕಣ್ಣಿಗೆ ಇಷ್ಟು ತಡವಾಗಿ ಲೆಕ್ಕದ ರೂಪ ಸಿಕ್ಕಿತು.

ಅಜ್ಜನ ಕೆಲಸಕ್ಕೆ ಫಾಂಟು ಒದಗುತ್ತಿರಲಿಲ್ಲ. ಮಗುವಿನ ಬೆರಳು ನಡೆಯಬೇಕಾದದ್ದು ಅಂಚಿನ ಮೇಲಲ್ಲ, ನಡುವಿನ ಹಾದಿಯ ಮೇಲೆ. ಆದ್ದರಿಂದ ಒತ್ತುಗಳಿಗೂ ಓಲೆಗರಿಯ ಕ್ರಮವನ್ನೇ ಅನ್ವಯಿಸುವುದೆಂದು ತೀರ್ಮಾನವಾಯಿತು: ಹಾದಿಯನ್ನು ಅರ್ಧಕ್ಕೆ ಇಳಿಸುವುದು, ಅಳತೆಗೋಲನ್ನು ಮರಳಿಸುವುದು, ಅದೇ ಆರು ಮಾನದ ಲೇಖನಿಯಿಂದ ಬರೆಯುವುದು. ಮೊಮ್ಮಗಳು ಅಕ್ಷರಗಳನ್ನು ಮರುಬಳಸಬಹುದಾದ ಹಾದಿಗಳಾಗಿ ಕಟ್ಟಿಟ್ಟಿದ್ದಳು. ಅಂತಹ ಸಿದ್ಧ ಹಾದಿ ತನ್ನ ಬಿಂದುಗಳನ್ನು ಹಿಗ್ಗದ ರೂಪದಲ್ಲಿಯೇ ಇಟ್ಟುಕೊಂಡು ಸ್ಟ್ರೋಕಿನ ಗಳಿಗೆಯಲ್ಲಿ ಅಳೆಯಲ್ಪಡುವುದರಿಂದ, ಮರಳಿಸಿದ ಅಳತೆಗೋಲಿನಲ್ಲಿ ಒತ್ತು ಮತ್ತೆ ಪೂರ್ಣಗಾತ್ರಕ್ಕೆ ಬಂದು ಮೂಲಾಕ್ಷರದ ಮೇಲೆ ಏರಿ ಕುಳಿತಿತು. ಕುಗ್ಗಿಸಿದ ಬಿಂದುಗಳಿಂದ ಹೊಸ ಹಾದಿಯೊಂದನ್ನು ಮಾಡಿ ಅದನ್ನು ಬರೆಯಿಸಿದಾಗ ಎಲ್ಲ ಸರಿಯಾಯಿತು.

ಆದರೆ ಸರಿಯಾದ ಲೆಕ್ಕದಿಂದ ಬಂದ ‘ಳ್ಳ’ ಮತ್ತು ‘ಣ್ಣ’ಗಳನ್ನು ನೋಡಿ ಅಜ್ಜ ಮತ್ತೆ ತಲೆಯಾಡಿಸಿದರು.

“ಒತ್ತಿನ ಕಣ್ಣು ಮುಚ್ಚಿಹೋಗಿದೆ” ಎಂದರು.

“ಅಜ್ಜ, ಓಲೆಗರಿಯಲ್ಲಿ ಹೀಗೇ ಅಂತ ನೀವೇ ಹೇಳಿದ್ದಲ್ವಾ?”

“ಓಲೆಗರಿಯ ಕಂಟ ಎಷ್ಟು ಸಪೂರ, ನಿನ್ನ ಲೇಖನಿ ಎಷ್ಟು ದಪ್ಪ! ಅವನು ಜಾಗ ನೋಡಿ ಬರೆಯುತ್ತಿದ್ದ ಮಾರಾಯ್ತಿ.”

ಅಜ್ಜನ ಮಾತಿನ ಹಿಂದಿನ ಲೆಕ್ಕ ಸರಳವಾದದ್ದು. ಮೂಲಾಕ್ಷರದ ಒಂದು ಸುಳಿಯ ತ್ರಿಜ್ಯ ಎಂಟು ಮಾನ, ಗೆರೆ ಆರು ಮಾನ ಎಂದಿಟ್ಟುಕೊಂಡರೆ ಗೆರೆಯ ಅರ್ಧ ಒಳಕ್ಕೆ ಚಾಚಿ, ಸುಳಿಯೊಳಗಿನ ಬಯಲಿಗೆ ಐದು ಮಾನ ತ್ರಿಜ್ಯ ಉಳಿಯುತ್ತದೆ. ಒತ್ತಿನಲ್ಲಿ ಸುಳಿಯ ತ್ರಿಜ್ಯ ನಾಲ್ಕು. ಗೆರೆಯೂ ಅರ್ಧವಾಗಿ ಮೂರಾದರೆ ಬಯಲು ಎರಡೂವರೆ. ಅಕ್ಷರ ತೆರೆದಿರುತ್ತದೆ, ಆದರೆ ಗೆರೆ ಸೊರಗುತ್ತದೆ. ಗೆರೆ ಆರೇ ಉಳಿದರೆ ಬಯಲು ಒಂದೇ ಮಾನ. ಫೋನಿನಲ್ಲಿ ಅದು ಕಪ್ಪು ಬೊಟ್ಟು. ಗೆರೆಯು ಸುಳಿಯ ತ್ರಿಜ್ಯದ ಎರಡರಷ್ಟಾದಾಗ ಬಯಲು ಪೂರ್ತಿ ಇಲ್ಲವಾಗುತ್ತದೆ. ‘ದ್ಧ’ದ ಸೀಳಿನ ಗತಿಯೂ ಅದೇ: ಐದು ಮಾನ ಉದ್ದದ ಗೀಟನ್ನು ಆರು ಮಾನ ದಪ್ಪದ ಲೇಖನಿಯಿಂದ ಬರೆದರೆ ಅದು ಗೀಟಾಗಿ ಉಳಿಯುವುದಿಲ್ಲ. ಮೊದಲು ತೆಳುವಾಗಿ ಅಳಿದದ್ದು ಈಗ ದಪ್ಪವಾಗಿ ಅಳಿಯಿತು. ಹಾದಿ ಮತ್ತು ಲೇಖನಿಗಳನ್ನು ಬೇರ್ಪಡಿಸುವುದು ತಂತ್ರದ ಪ್ರಶ್ನೆ. ಅದಕ್ಕೆ ಉತ್ತರ ಸಿಕ್ಕಿತ್ತು. ಬೇರ್ಪಡಿಸಿದ ಮೇಲೆ ಲೇಖನಿ ಎಷ್ಟು ದಪ್ಪ ಇರಬೇಕೆಂಬುದನ್ನು ಯಂತ್ರ ಹೇಳುವುದಿಲ್ಲ.

ಮೊಮ್ಮಗಳು ನಡುದಾರಿಯೊಂದನ್ನು ಹುಡುಕಿದಳು. ಆಕೃತಿ ಅರ್ಧವಾದಾಗ ಗೆರೆ ಅರ್ಧದ ವರ್ಗಮೂಲದಷ್ಟು ಮಾತ್ರ ಕುಗ್ಗಲಿ. ಆಗ ಆರರ ಗೆರೆ ಹೆಚ್ಚುಕಡಿಮೆ ನಾಲ್ಕೂಕಾಲು ಆಗುತ್ತದೆ, ಸುಳಿಯ ಬಯಲಿಗೆ ಸುಮಾರು 1.9 ಮಾನ ಉಳಿಯುತ್ತದೆ. ದೊಡ್ಡ ಪರದೆಗೂ ಅದೇ ನಿಯಮ: ಅಕ್ಷರ ಒಂಬತ್ತು ಪಟ್ಟು ಹಿಗ್ಗಿದಾಗ ಗೆರೆ ಮೂರು ಪಟ್ಟು ಹಿಗ್ಗಲಿ. ಏಕೆಂದರೆ ಗೋಡೆಯ ಮೇಲೆ ಆರೇ ಪಿಕ್ಸೆಲಿನ ಗೆರೆ ಉಳಿಸಿಕೊಂಡಾಗ ಹಿಂದಿನ ಸಾಲಿನ ಮಕ್ಕಳಿಗೆ ಅಕ್ಷರ ತಂತಿಯಂತೆ ಕಾಣುತ್ತಿತ್ತು. ಹಬ್ಬದ ರಂಗೋಲಿಯ ಎರಡೆಳೆ ಅಲ್ಲಿಯೂ ಬೇಕಾಯಿತು. ವರ್ಗಮೂಲವೇ ಏಕೆ ಎಂದರೆ ಅದಕ್ಕೆ ಶಾಸ್ತ್ರಾಧಾರವೇನೂ ಇಲ್ಲ. ಅದು ಕಣ್ಣಿಗೆ ಹತ್ತಿರವಾದ ಒಂದು ಆರಂಭ, ಅಷ್ಟೆ. ಮುಂದೆ ಅಜ್ಜ ಕನ್ನಡಕ ಏರಿಸಿಕೊಂಡು ಒಂದೊಂದೇ ಒತ್ತನ್ನು ನೋಡಿ, ಇದಕ್ಕೆ ಸ್ವಲ್ಪ ಕೂಡಿಸು, ಅದಕ್ಕೆ ಸ್ವಲ್ಪ ಕಳೆ ಎಂದು ಹೇಳುತ್ತ ಹೋದರು. ‘ದ್ಧ’ಕ್ಕೆ 3.8, ಅದರ ಸೀಳನ್ನು ಮಾತ್ರ ಲೆಕ್ಕಕ್ಕಿಂತ ಎರಡು ಮಾನ ಉದ್ದ ಎಳೆಯಿಸಿದರು. ‘ಣ್ಣ’ಕ್ಕೆ 3.6, ‘ಪ್ಪ’ಕ್ಕೆ 4.5. ಈ ಅಂಕಿಗಳೆಲ್ಲ ಒಂದು ಪಟ್ಟಿಯಾಗಿ ಮೊಮ್ಮಗಳ ಕಡತದಲ್ಲಿ ಸೇರಿವೆ. ಕೇಶಿರಾಜನು ವರ್ಣಗಳಿಗೆ ಲಕ್ಷಣ ಹೇಳಿದಂತೆ ಒತ್ತುಗಳ ದಪ್ಪಕ್ಕೂ ಯಾರಾದರೂ ಲಕ್ಷಣ ಹೇಳಿದ್ದರೆ ಈ ಕಷ್ಟವಿರಲಿಲ್ಲ ಎಂದು ಅಜ್ಜ ನಗೆಯಾಡಿದ್ದುಂಟು.

ಮೂರು ವ್ಯಂಜನಗಳು ಕೂಡಿದಲ್ಲಿ ಪಟ್ಟಿ ಇನ್ನೂ ಮುಗಿದಿಲ್ಲ. ‘ರಾಷ್ಟ್ರ’ದಲ್ಲಿ ಟಕಾರದ ಒತ್ತಿನ ಪಕ್ಕಕ್ಕೆ ರಕಾರದ ಒತ್ತು ಇಳಿದು, ಎರಡು ಗೆರೆಗಳು ಒಂದನ್ನೊಂದು ತಾಗುತ್ತವೆ, ತಾಗದಂತೆ ಬಿಡಿಸಿದರೆ ಸಾಲಿನ ಕೆಳಗೆ ಜಾಗ ಸಾಲದು. ‘ಸ್ವಾತಂತ್ರ್ಯ’ದ ಕಷ್ಟ ಬೇರೆ. ಅಲ್ಲಿಯ ಯಕಾರದ ಒತ್ತು ಯಾವ ಅಕ್ಷರದ ಕುಗ್ಗಿಸಿದ ಪ್ರತಿಯೂ ಅಲ್ಲ. ಸಾಲಿನಿಂದ ಮೇಲೆದ್ದು ನಿಲ್ಲುವ, ತನ್ನದೇ ಬಳುಕಿನ ದೊಡ್ಡ ಗೆರೆ. ಅದಕ್ಕೆ ಒತ್ತಿನ ಲೇಖನಿ ಕೊಟ್ಟರೆ ಸೊರಗುತ್ತದೆ, ಮೂಲಾಕ್ಷರದ ಲೇಖನಿ ಕೊಟ್ಟರೆ ಪಕ್ಕದ ರಕಾರದ ಒತ್ತನ್ನು ನುಂಗುತ್ತದೆ. ಮಕ್ಕಳು ಆ ಪದವನ್ನು ಯಕಾರ ಬಿಟ್ಟು ‘ಸ್ವಾತಂತ್ರ’ ಎಂದೇ ಬರೆಯುತ್ತಾರೆ, ಆದ್ದರಿಂದ ಅದು ಕಣ್ಣಿಗೆ ಬಿದ್ದೇ ಬೀಳಬೇಕು ಎಂಬುದು ಅಜ್ಜನ ವಾದ. 5.5 ಎಂದು ಬರೆದಿಟ್ಟು ಮೊಮ್ಮಗಳು ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾಳೆ.